ಕೆಂಪು ಶಾಯಿಯ ನಾಲ್ಕು ಸಾಲು



ಕಳೆದ ತಪಸ್ಸುಕಾಲದ ಒಂದು ಭಾನುವಾರ. ಎರಡನೆಯ ಬಲಿಪೂಜೆ ಮುಗಿದು ಜನರೆಲ್ಲ ಹೊರಟುಹೋದ ಮೇಲೆ, ಮಾಗಡಿ ರಸ್ತೆಯ ಕಡೆಯಿಂದ ಬರುವ ಒಬ್ಬ ತಾಯಿ ಧರ್ಮಕೇಂದ್ರದ ಕಚೇರಿಯ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಕವರ್. ಹಿಂದೆ, ತಲೆ ತಗ್ಗಿಸಿಕೊಂಡು, ಮೂವತ್ತು ದಾಟಿದ ಮಗ. "ಸ್ವಾಮಿ, ಇವನಿಗೆ ಒಂದು ನಡತೆ ಪತ್ರ ಬರೆದುಕೊಡಬೇಕು" ಎಂದರು. ಇದು ಪಾಪಸಂಕೀರ್ತನೆಯಲ್ಲಿ ಕೇಳಿದ ಮಾತಲ್ಲ. ಅವರಿಬ್ಬರ ಒಪ್ಪಿಗೆ ಪಡೆದೇ, ಗುರುತು ತಿಳಿಯದಂತೆ ಬರೆಯುತ್ತಿದ್ದೇನೆ.

ಮಗ ಸೇನೆಯಲ್ಲಿದ್ದವನು. ಹನ್ನೊಂದು ವರ್ಷದ ಸೇವೆ. ಅದರಲ್ಲಿ ಹಿಮ ಬೀಳುವ ಎತ್ತರದ ಠಾಣೆಗಳಲ್ಲಿ ಕಳೆದ ದಿನಗಳೂ ಇವೆ. ನಾಲ್ಕು ವರ್ಷಗಳ ಹಿಂದೆ ಸೇನೆಯವರು ಅವನನ್ನು ಮನೆಗೆ ಕಳುಹಿಸಿದರು. ಕುಡಿದು ಸಿಕ್ಕಿಬಿದ್ದದ್ದು ಮೂರು ಸಲ, ರಜೆ ಮುಗಿದರೂ ಹಿಂದಿರುಗದೆ ಹನ್ನೆರಡು ದಿನ ಉಳಿದದ್ದು ಒಂದು ಸಲ. ಸೇನೆಯಲ್ಲಿ ಇಂಥ ಶಿಕ್ಷೆಗಳನ್ನು ಸೇವಾ ದಾಖಲೆಯಲ್ಲಿ ಕೆಂಪು ಶಾಯಿಯಲ್ಲಿ ಬರೆಯುತ್ತಾರೆ. ಅದಕ್ಕೇ ಅವನ್ನು 'ರೆಡ್ ಇಂಕ್ ಎಂಟ್ರಿ' ಎನ್ನುತ್ತಾರೆ. ನಾಲ್ಕು ಸಾಲು ಕೆಂಪು ಬಿದ್ದರೆ ಸಾಮಾನ್ಯವಾಗಿ ಮನೆಯ ದಾರಿಯೇ.

ಸೇನೆಯಿಂದ ಹೊರಬರುವ ಪ್ರತಿ ಜವಾನನಿಗೂ ಒಂದು ಪ್ರಮಾಣಪತ್ರ ಕೊಡಬೇಕೆಂದು 1950ರ ಸೇನಾ ಕಾಯ್ದೆಯ 23ನೆಯ ಕಲಂ ಹೇಳುತ್ತದೆ. ಸೇವೆಯನ್ನು ಮುಗಿಸಿದ ಅಧಿಕಾರಿ ಯಾರು, ಕಾರಣ ಏನು, ಒಟ್ಟು ಸೇವೆ ಎಷ್ಟು ಎಂಬುದು ಅದರಲ್ಲಿರಬೇಕು. ಅದು ಇಂಗ್ಲಿಷಿನಲ್ಲಷ್ಟೇ ಅಲ್ಲ, ಅವನ ಮಾತೃಭಾಷೆಯಲ್ಲೂ ಇರಬೇಕು. ಒಳ್ಳೆಯ ಉದ್ದೇಶದಿಂದಲೇ ಮಾಡಿದ ನಿಯಮ. ಆದರೆ ಯೋಚಿಸಿ ನೋಡಿ: ಇಂಗ್ಲಿಷ್ ಬಾರದ ತಾಯಿಗೂ ತನ್ನ ಮಗನನ್ನು ಏಕೆ ಹೊರಗೆ ಕಳುಹಿಸಿದರು ಎಂಬುದು ಅದರಿಂದ ಓದಲು ಸಿಗುತ್ತದೆ.

ಆ ಕಾಗದದ ಭಾರ ಎಷ್ಟೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಜವಾನನಿಗೆ ಪಿಂಚಣಿ ಸಿಗಬೇಕಾದರೆ ಸಾಮಾನ್ಯವಾಗಿ 15 ವರ್ಷದ ಸೇವೆ ಬೇಕು. ದುರ್ನಡತೆಯ ಕಾರಣಕ್ಕೆ ಹೊರಬಂದವನು ಸರ್ಕಾರದ ಲೆಕ್ಕದಲ್ಲಿ 'ಮಾಜಿ ಸೈನಿಕ'ನೇ ಅಲ್ಲ. ಆ ಹೆಸರಿನ ಮೀಸಲಾತಿ, ವೈದ್ಯಕೀಯ ಸೌಲಭ್ಯ ಯಾವುದೂ ಇಲ್ಲ. ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ರಾತ್ರಿ ಕಾವಲಿಗೆ ಹೋದರೂ "ಮಿಲಿಟರಿಯವರಾ? ಡಿಸ್ಚಾರ್ಜ್ ಬುಕ್ ತೋರಿಸಿ" ಎನ್ನುತ್ತಾರೆ. ಇವನು ತೋರಿಸುವುದಿಲ್ಲ, ಕಡಿಮೆ ಸಂಬಳಕ್ಕೆ ಒಪ್ಪಿಕೊಂಡಿದ್ದಾನೆ. ಮದುವೆ ಮನೆಗಳಲ್ಲಿ ನಮ್ಮ ಜನ ಕೇಳುವ ಮೊದಲ ಪ್ರಶ್ನೆ: "ಪೆನ್ಷನ್ ಎಷ್ಟು ಬರುತ್ತೆ?" ಅದಕ್ಕೇ ಅವನು ಮದುವೆಗಳಿಗೆ ಹೋಗುವುದನ್ನು ಬಿಟ್ಟಿದ್ದಾನೆ.

ಈಗ ಆ ನಡತೆ ಪತ್ರದ ಮಾತು. ಯಾರೋ ಒಬ್ಬರು ಟೈಪ್ ಮಾಡಿಕೊಟ್ಟಿದ್ದ ಮನವಿ ಆ ಕವರಿನಲ್ಲಿತ್ತು. ಅರ್ಜಿದಾರರು ಜನ್ಮದಲ್ಲಿ ಮದ್ಯ ಮುಟ್ಟಿದವರಲ್ಲ, ಎಲ್ಲವೂ ದ್ವೇಷದಿಂದ ಹೊರಿಸಿದ ಆರೋಪ ಎಂದು ಅದರಲ್ಲಿ ಬರೆದಿತ್ತು. ಅದಕ್ಕೆ ನಾನು ಸಾಕ್ಷಿಯಾಗಿ ಸಹಿ ಮಾಡಬೇಕಿತ್ತು.

"ಅಮ್ಮಾ, ಇದಕ್ಕೆ ನಾನು ಸಹಿ ಹಾಕಲಾರೆ" ಎಂದೆ. ಆ ತಾಯಿ ಏನೂ ಹೇಳದೆ ಕಾಗದಗಳನ್ನು ಕವರಿಗೆ ತುಂಬಿಕೊಂಡು ಹೊರಟರು. ಮುಂದಿನ ಎರಡು ಭಾನುವಾರ ಪೂಜೆಗೆ ಬರಲಿಲ್ಲ.

ಆ ಎರಡು ವಾರ ನನ್ನನ್ನು ಕಾಡಿದ್ದು ಸಹಿ ಮಾಡದಿದ್ದುದಲ್ಲ, ಬೇರೊಂದು ನೆನಪು. ನಾಲ್ಕು ವರ್ಷಗಳ ಹಿಂದೆ, ಮನೆಗೆ ಬಂದ ಕೆಲವೇ ವಾರಗಳಲ್ಲಿ, ಇದೇ ಯುವಕ ನನ್ನ ಬಳಿ ಬಂದು, ಮೇಲಧಿಕಾರಿಗಳಿಗೆ ಬರೆಯಲೇ ಎಂದು ಕೇಳಿದ್ದ. ಆಗ ನಾನು ಏನೆಂದೆ ಗೊತ್ತೇ? "ದೇವರು ಕ್ಷಮಿಸಿದ್ದಾರೆ. ಆದದ್ದು ಆಯಿತು, ಮರೆತುಬಿಡಪ್ಪ." ಅವನು ನನ್ನ ಮಾತನ್ನು ನಂಬಿ ಮರೆಯಲು ಪ್ರಯತ್ನಿಸಿದ. ಕುಡಿತವನ್ನು ಬಿಟ್ಟ. ಮನವಿಯನ್ನೂ ಬಿಟ್ಟ. ಗುರುಮಠದಲ್ಲಿ ವರ್ಷಗಟ್ಟಲೆ ದೈವಶಾಸ್ತ್ರ ಓದಿ ಬಂದ ನಾನು ಅಂದು ಎರಡು ಬೇರೆ ವಿಷಯಗಳನ್ನು ಕಲಸಿಬಿಟ್ಟಿದ್ದೆ.

ಧರ್ಮಸಭೆಯ ಬೋಧನೆ ಇದರಲ್ಲಿ ಸ್ಪಷ್ಟವಾಗಿದೆ. ಪಾಪದ ದೋಷ ಬೇರೆ, ಅದರಿಂದಾದ ಹಾನಿ ಬೇರೆ. ಗುರುವಿನ ಪಾಪವಿಮೋಚನೆಯ ಮಾತು ದೋಷವನ್ನು ಅಳಿಸುತ್ತದೆ. ಆದರೆ ಪಾಪವು ಕೆಡಿಸಿದ್ದೆಲ್ಲವನ್ನೂ ಅದೇ ಕ್ಷಣದಲ್ಲಿ ಸರಿಪಡಿಸುವುದಿಲ್ಲ ಎಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥ (1459ನೆಯ ಪರಿಚ್ಛೇದ) ಹೇಳುತ್ತದೆ. ಅದಕ್ಕೇ ಪ್ರಾಯಶ್ಚಿತ್ತ. ಕದ್ದವನು ಹಿಂದಿರುಗಿಸಬೇಕು, ಹೆಸರು ಕೆಡಿಸಿದವನು ಆ ಹೆಸರನ್ನು ಸರಿಪಡಿಸಬೇಕು. ಇದೇ ಮಾತಿಗೆ ಇನ್ನೊಂದು ಮಗ್ಗುಲೂ ಇದೆ: ದಂಡನೆಯೂ ತಪ್ಪಿನ ಅಳತೆಗೆ ತಕ್ಕುದಾಗಿರಬೇಕು. ತಪ್ಪು ಮಾಡಿದವನಿಗೆ ತಪ್ಪಿಗಿಂತ ದೊಡ್ಡ ಶಿಕ್ಷೆ ಬಿದ್ದರೆ, ಆ ಹೆಚ್ಚಿನ ಪಾಲು ಅನ್ಯಾಯ. ಅದನ್ನು ಸರಿಪಡಿಸಿ ಎಂದು ಕೇಳುವುದು ಅಹಂಕಾರವಲ್ಲ. ನಾನು ಅವನಿಗೆ ಕೊಟ್ಟದ್ದು ಸಮಾಧಾನ. ಅವನು ಕೇಳಿದ್ದು ನ್ಯಾಯ.

ನಮ್ಮ ನ್ಯಾಯಾಲಯಗಳೂ ಇದನ್ನೇ ಹೇಳಿವೆ. ರಂಜಿತ್ ಠಾಕೂರ್ ಎಂಬ ಸಿಗ್ನಲ್ ಜವಾನ ತನ್ನ ಅಧಿಕಾರಿಯ ಮೇಲೆ ದೂರು ಬರೆದದ್ದಕ್ಕೆ ಶಿಕ್ಷೆ ಅನುಭವಿಸುತ್ತಿದ್ದಾಗ, 1985ರ ಮೇ ತಿಂಗಳಲ್ಲಿ, ಊಟ ಮಾಡು ಎಂಬ ಆಜ್ಞೆಯನ್ನು ಪಾಲಿಸಲಿಲ್ಲ. ಅಷ್ಟಕ್ಕೆ ಒಂದು ವರ್ಷ ಕಠಿಣ ಸಜೆ, ಸೇವೆಯಿಂದ ವಜಾ. ವಿಚಾರಣೆಯ ಪೀಠದಲ್ಲಿ ಕುಳಿತವರಲ್ಲಿ ಅವನು ದೂರಿದ್ದ ಅಧಿಕಾರಿಯೂ ಇದ್ದರು. 1987ರಲ್ಲಿ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ರದ್ದುಮಾಡಿ, ಶಿಕ್ಷೆ ಅಪರಾಧದ ಪ್ರಮಾಣಕ್ಕೆ ತಕ್ಕುದಿರಬೇಕು ಎಂದು ಹೇಳಿತು.

ನಮ್ಮ ಯುವಕನ ಪ್ರಕರಣಕ್ಕೆ ಇನ್ನೂ ಹತ್ತಿರವಾದದ್ದು 2015ರ ವೀರೇಂದ್ರ ಕುಮಾರ್ ದುಬೆಯವರ ತೀರ್ಪು. ಅವರ ದಾಖಲೆಯಲ್ಲಿಯೂ ಕೆಂಪು ಶಾಯಿ ಇತ್ತು. ನಾಲ್ಕು ಸಾಲು ಆಯಿತೆಂಬ ಒಂದೇ ಕಾರಣಕ್ಕೆ ಯಂತ್ರದಂತೆ ಹೊರಹಾಕುವಂತಿಲ್ಲ, ಮೊದಲು ವಿಚಾರಣೆ ನಡೆಯಬೇಕು, ಸೇವೆಯ ಅವಧಿ, ಕಷ್ಟದ ಠಾಣೆಗಳು, ಅಲ್ಲಿನ ಜೀವನ ಎಲ್ಲವನ್ನೂ ನೋಡಬೇಕು ಎಂದಿತು ಕೋರ್ಟ್. ಪಿಂಚಣಿಗೆ ಬೇಕಾದ ಅವಧಿ ಮುಗಿಯುವವರೆಗೂ ಅವರು ಸೇವೆಯಲ್ಲಿದ್ದರೆಂದೇ ಭಾವಿಸಬೇಕೆಂದು ಆದೇಶಿಸಿತು. ಆದರೆ ಹಿಂದಿನ ಸಂಬಳದ ಬಾಕಿ ಕೊಡಲಿಲ್ಲ. ಈ ಕೊನೆಯ ಮಾತನ್ನು ನೆನಪಿಡಿ; ಕೋರ್ಟ್ ಅವರನ್ನು ನಿರ್ದೋಷಿ ದೇವದೂತ ಎಂದೇನೂ ಕರೆಯಲಿಲ್ಲ.

ಅಮೆರಿಕದಲ್ಲಿ ಡಿಸ್ಚಾರ್ಜಿನ ದರ್ಜೆಯನ್ನು ಏರಿಸಿಕೊಡಿ ಎಂದು 15 ವರ್ಷದೊಳಗೆ ಕೇಳಿಕೊಳ್ಳಲು ಪ್ರತ್ಯೇಕ ಮರುಪರಿಶೀಲನಾ ಮಂಡಳಿಗಳೇ ಇವೆ. ನಮ್ಮಲ್ಲಿ ದಾರಿ ಬೇರೆ. ಮೊದಲು ಸೇನೆಯ ಮೇಲಧಿಕಾರಿಗಳಿಗೆ ಮನವಿ. ಅಲ್ಲಿ ನ್ಯಾಯ ಸಿಗದಿದ್ದರೆ, 2007ರ ಕಾಯ್ದೆಯಂತೆ ಸ್ಥಾಪನೆಯಾಗಿ 2009ರಿಂದ ಕೆಲಸ ಮಾಡುತ್ತಿರುವ ಸಶಸ್ತ್ರ ಪಡೆಗಳ ನ್ಯಾಯಮಂಡಳಿ; ಕರ್ನಾಟಕಕ್ಕೆ ಅದರ ಕೊಚ್ಚಿ ಪೀಠ. ಅಂತಿಮ ಆದೇಶ ಬಂದ ಆರು ತಿಂಗಳೊಳಗೆ ಹೋಗಬೇಕು. ತಡವಾಗಿದ್ದರೆ ತಕ್ಕ ಕಾರಣ ತೋರಿಸಬೇಕು.

ಈಗ ಮಾರ್ಕನ ಕಥೆಗೆ ಬರೋಣ. ಆ ಎರಡು ವಾರಗಳಲ್ಲಿ ನಾನು ಮತ್ತೆ ಮತ್ತೆ ಓದಿದ್ದು ಅದನ್ನೇ.

ಜೆರುಸಲೇಮಿನಲ್ಲಿ ಮರಿಯಾ ಎಂಬ ಒಬ್ಬ ತಾಯಿಯಿದ್ದಳು. ವಿಶ್ವಾಸಿಗಳು ಪ್ರಾರ್ಥನೆಗೆ ಸೇರುತ್ತಿದ್ದದ್ದು ಅವಳ ಮನೆಯಲ್ಲಿ. ಸೆರೆಯಿಂದ ಬಿಡುಗಡೆಯಾದ ಪೇತ್ರ ಬಾಗಿಲು ತಟ್ಟಿದ್ದು ಆ ಮನೆಯನ್ನೇ. ಅವಳ ಮಗ ಯೊವಾನ್ನ ಮಾರ್ಕ. ಪೌಲ ಮತ್ತು ಬಾರ್ನಬರ ಮೊದಲ ಧರ್ಮಪ್ರಚಾರ ಪ್ರಯಾಣದಲ್ಲಿ ಸಹಾಯಕನಾಗಿ ಹೊರಟ. ಪಂಫೀಲಿಯದ ಪೆರ್ಗ ತಲುಪಿದಾಗ ಅವರನ್ನು ಬಿಟ್ಟು ಜೆರುಸಲೇಮಿಗೆ ಹಿಂದಿರುಗಿಬಿಟ್ಟ. ಏಕೆ? ಸಂತ ಲೂಕರು ಹೇಳುವುದಿಲ್ಲ. ಭಯವೋ, ಜ್ವರವೋ, ತಾಯಿಯ ನೆನಪೋ. ಮನೆಗೆ ಬಂದ ಅವನನ್ನು ನೆರೆಯವರು ಏನೇನು ಕೇಳಿದರೋ, ಆ ತಾಯಿ ಏನು ಉತ್ತರ ಕೊಟ್ಟಳೋ.

ಎರಡನೆಯ ಪ್ರಯಾಣ ಹೊರಡುವಾಗ ಬಾರ್ನಬ, ಮಾರ್ಕನನ್ನೂ ಕರೆದೊಯ್ಯೋಣ ಎಂದ. ಪೌಲ ಒಪ್ಪಲಿಲ್ಲ. ಅರ್ಧ ದಾರಿಯಲ್ಲಿ ಬಿಟ್ಟುಹೋದವನು ಬೇಡ. ಮಾತು ಎಷ್ಟು ಬಿಸಿಯಾಯಿತೆಂದರೆ ಇಬ್ಬರು ಪ್ರೇಷಿತರೂ ಬೇರೆ ಬೇರೆ ದಾರಿ ಹಿಡಿದರು. ಪೌಲ ಸೀಲನೊಂದಿಗೆ ಹೋದ. ಬಾರ್ನಬ ಮಾರ್ಕನನ್ನು ಕರೆದುಕೊಂಡು ಸೈಪ್ರಸ್ಸಿಗೆ ಹಡಗು ಹತ್ತಿದ. ಇಲ್ಲಿ ಒಂದು ಮಾತು ಹೇಳಲೇಬೇಕು. ಹಿಂದೆ ಜೆರುಸಲೇಮಿನ ಶಿಷ್ಯರು ಪೌಲನನ್ನು ನಂಬದೆ ಹೆದರಿ ದೂರವಿದ್ದಾಗ, ಅವನ ಕೈಹಿಡಿದು ಪ್ರೇಷಿತರ ಮುಂದೆ ನಿಲ್ಲಿಸಿ ಜಾಮೀನು ನಿಂತವನು ಇದೇ ಬಾರ್ನಬ. ಒಬ್ಬರ ಮಾತಿನ ಬಲದಿಂದ ಒಳಗೆ ಬಂದವನು ಇನ್ನೊಬ್ಬನಿಗೆ ಬಾಗಿಲು ಹಾಕಿದ. ಮಹಾ ಸಂತರೂ ಹೀಗೆ ಮಾಡುತ್ತಾರೆ!

ವರ್ಷಗಳು ಕಳೆದವು. ಕೊಲೊಸ್ಸೆಯರಿಗೆ ಬರೆದ ಪತ್ರದ ಕೊನೆಯಲ್ಲಿ ಪೌಲ, ಮಾರ್ಕ ಬಂದರೆ ಸ್ವಾಗತಿಸಿ ಎನ್ನುತ್ತಾನೆ. ಫಿಲೆಮೋನನಿಗೆ ಬರೆದ ಪತ್ರದಲ್ಲಿ ತನ್ನ ಸಹಸೇವಕರ ಪಟ್ಟಿಗೆ ಅವನನ್ನು ಸೇರಿಸುತ್ತಾನೆ. ತಿಮೊಥೇಯನಿಗೆ ಬರೆದ ಎರಡನೆಯ ಪತ್ರದಲ್ಲಿ, ಮರಣ ಹತ್ತಿರವಾದಾಗ, ಮಾರ್ಕನನ್ನು ಕರೆದುಕೊಂಡು ಬಾ, ನನ್ನ ಸೇವೆಗೆ ಅವನು ಉಪಯುಕ್ತ ಎಂಬ ಅರ್ಥದಲ್ಲಿ ಕೇಳಿಕೊಳ್ಳುತ್ತಾನೆ. ಬೇಡವೆಂದು ಹೊರಗಿಟ್ಟ ಕೈಯೇ ದಾಖಲೆಯನ್ನು ತಿದ್ದಿತು.

ಆದರೆ ಗಮನಿಸಿ, ಧರ್ಮಸಭೆ ಪೆರ್ಗದ ವಾಕ್ಯವನ್ನು ಅಳಿಸಲಿಲ್ಲ. ಎರಡನೆಯ ಶುಭಸಂದೇಶವನ್ನು ಬರೆದವರೆಂದು ನಾವು ಗೌರವಿಸುವ ಸಂತ ಮಾರ್ಕರ ಹೆಸರಿನ ಮುಂದೆ ಆ ಹಳೆಯ ಕೆಂಪು ಸಾಲು ಇಂದಿಗೂ ಇದೆ. ಪೂಜೆಯಲ್ಲಿ ಅದನ್ನೂ ಓದುತ್ತೇವೆ, ತಿಮೊಥೇಯನಿಗೆ ಬರೆದುದನ್ನೂ ಓದುತ್ತೇವೆ. ಮೊದಲನೆಯದು ಸುಳ್ಳಾಗಿದ್ದರೆ ಎರಡನೆಯದಕ್ಕೆ ಬೆಲೆಯೇ ಇರುತ್ತಿರಲಿಲ್ಲ.

(ಸಂತ ಕಮಿಲ್ಲಸ್ ದೆ ಲೆಲ್ಲಿಸರ ನೆನಪೂ ಬರುತ್ತದೆ. ವೆನಿಸ್ಸಿನ ಸೇನೆಯಲ್ಲಿದ್ದ ಸೈನಿಕ, ಜೂಜುಕೋರ. ರೋಮಿನ ಸಂತ ಯಾಕೋಬರ ಆಸ್ಪತ್ರೆಯಿಂದ ಜಗಳ, ಜೂಜಿನ ಕಾರಣಕ್ಕೆ ಹೊರಹಾಕಿಸಿಕೊಂಡವರು. 1575ರಲ್ಲಿ ಮನಪರಿವರ್ತನೆಯಾಯಿತು. ಮುಂದೆ ಅದೇ ಆಸ್ಪತ್ರೆಯ ಮೇಲ್ವಿಚಾರಕರಾದರು. ಇಂದು ರೋಗಿಗಳ ಪಾಲಕ ಸಂತರು.)

ಮೂರನೆಯ ಭಾನುವಾರವೂ ಅವರು ಬರಲಿಲ್ಲ. ನಾನೇ ಅವರ ಮನೆಗೆ ಹೋದೆ. ಆ ತಾಯಿ ಕಾಫಿ ಕೊಟ್ಟರು, ಮಾತು ಕೊಡಲಿಲ್ಲ. ಮಗನನ್ನು ಕೂರಿಸಿಕೊಂಡು, "ನಡೆದದ್ದನ್ನು ನಡೆದ ಹಾಗೆ ನನಗೆ ಹೇಳಪ್ಪ" ಎಂದೆ. ಮೂರು ಸಲ ಕುಡಿದದ್ದು ನಿಜ ಎಂದ. ನಾಲ್ಕನೆಯದು? ಅಪ್ಪ ಆಸ್ಪತ್ರೆಯಲ್ಲಿ ಕೊನೆಯ ದಿನಗಳಲ್ಲಿದ್ದರು. ಮಣ್ಣು ಮಾಡಿ, ಸ್ಮರಣೆಯ ಪೂಜೆ ಮುಗಿಸಿ ಹಿಂದಿರುಗುವಾಗ ಹನ್ನೆರಡು ದಿನ ತಡವಾಗಿತ್ತು. ಅದನ್ನು ಹೇಳಿಕೊಳ್ಳಲು ಯಾರೂ ಅವನನ್ನು ಕೂರಿಸಿ ಕೇಳಲಿಲ್ಲ. ಆ ಟೈಪ್ ಮಾಡಿದ ಮನವಿಯಲ್ಲಿ ಇದರ ಒಂದು ಅಕ್ಷರವೂ ಇರಲಿಲ್ಲ! ಕುಡಿದೇ ಇಲ್ಲ ಎಂಬ ಸುಳ್ಳು ಬರೆಯುವ ಭರದಲ್ಲಿ, ಅವನನ್ನು ಕಾಪಾಡಬಹುದಾಗಿದ್ದ ಸತ್ಯವೇ ಬಿಟ್ಟುಹೋಗಿತ್ತು. ಅಪ್ಪನ ಆಸ್ಪತ್ರೆಯ ಚೀಟಿಗಳು, ನಮ್ಮ ಧರ್ಮಕೇಂದ್ರದ ಮರಣ ದಾಖಲೆ ಎಲ್ಲವೂ ಕೈಗೆ ಸಿಗುವಂತೆಯೇ ಇದ್ದವು.

ಆಗ ತಾಯಿ ಬಾಯಿಬಿಟ್ಟರು. "ಕುಡೀತಿದ್ದ ಅಂತ ನಾವೇ ಬರೆದುಕೊಟ್ಟರೆ, ಓದಿದವರು ಕರುಣೆ ತೋರಿಸ್ತಾರಾ ಸ್ವಾಮಿ?" ನನಗೆ ಗೊತ್ತಿಲ್ಲ ಎಂದೆ. ಗೊತ್ತಿದೆ ಎಂದು ಹೇಳಲು ಬಾಯಿ ಬರಲಿಲ್ಲ. ಪಾಪಸಂಕೀರ್ತನೆಯಲ್ಲಿ ಒಪ್ಪಿಕೊಂಡವನಿಗೆ ಕ್ಷಮೆ ಖಚಿತ. ಅಧಿಕಾರಿಯ ಮೇಜಿನ ಮುಂದೆ ಆ ಖಾತರಿ ಇಲ್ಲ. ಅಲ್ಲಿ ಸತ್ಯ ಹೇಳುವುದಕ್ಕೆ ಹೆಚ್ಚು ಧೈರ್ಯ ಬೇಕು. ಮಗನೇ ತಾಯಿಯ ಕಡೆ ತಿರುಗಿ, "ಬರೆಯೋಣ ಅಮ್ಮ" ಎಂದ.

ಹೊಸ ಮನವಿಯನ್ನು ಸೇನಾ ಪ್ರಕರಣಗಳನ್ನು ಬಲ್ಲ ಒಬ್ಬ ವಕೀಲರು ಸಿದ್ಧಪಡಿಸಿದರು. ಅದರೊಂದಿಗೆ ನನ್ನ ಪತ್ರವೂ ಇದೆ. ಈತನನ್ನು ಬಲ್ಲೆ, ಹಿಂದೆ ಕುಡಿಯುತ್ತಿದ್ದ, ನಾನು ತಿಳಿದ ಮಟ್ಟಿಗೆ ನಾಲ್ಕು ವರ್ಷಗಳಿಂದ ಕುಡಿದಿಲ್ಲ, ತಂದೆಯ ಅಂತ್ಯಸಂಸ್ಕಾರ ಇಂಥ ದಿನ ನಡೆಯಿತು. ತಡವೇಕೆ ಎಂಬುದಕ್ಕೆ ಉತ್ತರವಾಗಿ ಕೊನೆಯ ಸಾಲು: ಮನವಿ ಮಾಡಬೇಡ, ಮರೆತುಬಿಡು ಎಂದು ಆಗ ಇವನಿಗೆ ಸಲಹೆ ಕೊಟ್ಟವನು ನಾನೇ. ಈ ಸಾಲು ಬರೆಯುವಾಗ ಪೆನ್ನು ಸ್ವಲ್ಪ ಹೊತ್ತು ನಿಂತಿತು ಎಂಬುದನ್ನು ಮುಚ್ಚಿಡುವುದಿಲ್ಲ.

ವಿಜಯನಗರ, ಬಸವೇಶ್ವರನಗರ, ಕೆಂಗೇರಿಯ ಕಡೆ ಇರುವ ನಮ್ಮ ಕುಟುಂಬಗಳಲ್ಲಿ ಇಂಥ ಕಾಗದ ಬೀರುವಿನ ತಳದಲ್ಲಿ ಇನ್ನೂ ಕೆಲವು ಇರಬಹುದು. ಸೇನೆಯದ್ದೇ ಆಗಬೇಕೆಂದಿಲ್ಲ, ಕಾರ್ಖಾನೆಯಿಂದ, ಬಸ್ ಡಿಪೋದಿಂದ ಬಂದ ಆದೇಶವೂ ಇರಬಹುದು. ಅದನ್ನು ತೆಗೆದು ಮೊದಲು ದಿನಾಂಕ ನೋಡಿ. ನಂತರ ಬಲ್ಲವರಿಗೆ ತೋರಿಸಿ. ಹಣವಿಲ್ಲದವರಿಗೆ ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವಿದೆ. ಇನ್ನು ಮದುವೆ ಮನೆಯಲ್ಲಿ ಪೆನ್ಷನ್ ಎಷ್ಟು ಎಂದು ಕೇಳುವವರಿಗೆ ನನ್ನದೊಂದು ಬೇಡಿಕೆ: ಊಟ ಆಯಿತೇ ಎಂದು ಕೇಳಿ, ಸಾಕು.

ಮನವಿ ಕಳುಹಿಸಿದ ದಿನ ಸಂಜೆ ಆ ತಾಯಿ ಸ್ಪೀಡ್ ಪೋಸ್ಟಿನ ರಸೀದಿ ತಂದು ನನಗೆ ತೋರಿಸಿದರು. ಮತ್ತೆ ಅದೇ ಪ್ಲಾಸ್ಟಿಕ್ ಕವರಿನೊಳಗೆ ಜೋಪಾನವಾಗಿ ಇಟ್ಟುಕೊಂಡರು. ಉತ್ತರ ಇನ್ನೂ ಬಂದಿಲ್ಲ.