ಕಂಡ ಮೇಲೂ ಉಳಿದ ಆಶೆ

ಕೋಳಿಯು ಮೊಟ್ಟೆಯಿಡುವ ಬಗೆಯನ್ನು ಕಾಣಲೆಂದು ಇಂಗ್ಲೆಂಡಿನ ಬಾಲೆ ಜೇನ್ ಗುಡಾಲ್ ಗಂಟೆಗಟ್ಟಲೆ ಗೂಡಿನಲ್ಲಿ ಅಡಗಿ ಕುಳಿತಿದ್ದಳು. ಹುಡುಕಿ ದಣಿದ ತಾಯಿ ಗದರಲಿಲ್ಲ. ಮಗುವಿನ ಮಾತನ್ನು ಕುಳಿತು ಕೇಳಿದಳು. ಎಷ್ಟು ಮನೆಗಳಲ್ಲಿ ಈ ತಾಳ್ಮೆಯುಂಟು? ಆ ಒಲವೇ ಅವರನ್ನು 1960ರಲ್ಲಿ, ಪದವಿಯ ಬಲವಿಲ್ಲದೆಯೇ, ಇಂದಿನ ಟಾಂಜಾನಿಯಾದ ಗೋಂಬೆ ಅರಣ್ಯಕ್ಕೆ ಕರೆದೊಯ್ದಿತು.

ಆದರೆ ಮನುಷ್ಯರಿಗಿಂತ ಸೌಮ್ಯವೆಂದು ತಾವು ಭಾವಿಸಿದ್ದ ಚಿಂಪಾಂಜಿಗಳು 1974ರಿಂದ ನಾಲ್ಕು ವರ್ಷ ತಮ್ಮ ಹಳೆಯ ಸಂಗಾತಿಗಳನ್ನೇ ಅರಸಿ ಕೊಂದುದನ್ನು ಅವರು ಅರಿಯಬೇಕಾಯಿತು. ಆ ಸತ್ಯವನ್ನು ಅವರು ಮುಚ್ಚಿಡಲಿಲ್ಲ. ಕ್ರೌರ್ಯವನ್ನು ಅರಿತವರಿಗೆ ಆಶಾವಾದವು ಸಲ್ಲುವುದೇ? ಅರಿಯದವರ ಆಶೆ ಕೇವಲ ಮುಗ್ಧತೆ. ಅರಿತ ಬಳಿಕವೂ ಉಳಿಸಿಕೊಂಡುದು ಆಯ್ಕೆ. ಅವರು ಮಾಂಸಾಹಾರವನ್ನು ತ್ಯಜಿಸಿದರು; 1986ರ ಬಳಿಕ ಪ್ರಿಯವಾದ ಅರಣ್ಯವಾಸವನ್ನೂ ಬಿಟ್ಟು ಪ್ರಾಣಿರಕ್ಷಣೆಗಾಗಿ ದೇಶದೇಶ ಸುತ್ತಿದರು. 2025ರ ಅಕ್ಟೋಬರ್ 1ರಂದು, 91ನೆಯ ವಯಸ್ಸಿನಲ್ಲಿ, ಉಪನ್ಯಾಸ ಪ್ರವಾಸದಲ್ಲಿದ್ದಾಗಲೇ ನಿಧನರಾದರು.