ಯಾರ ಮಾತು ಪ್ರಮಾಣ?

ತಿಳಿವಳಿಕೆ ನಮಗೆ ಬರುವ ದಾರಿಗಳಲ್ಲಿ ನಮ್ಮ ಹಿಂದಿನ ತಾರ್ಕಿಕರು ಮೂರನ್ನು ಮುಖ್ಯವಾಗಿ ವಿಚಾರಿಸಿದ್ದಾರೆ. ಇಂದ್ರಿಯಗಳಿಂದ ನೇರವಾಗಿ ಅರಿತದ್ದು ಪ್ರತ್ಯಕ್ಷ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸಿದ್ದು ಅನುಮಾನ. ನಂಬತಕ್ಕವನು ಹೇಳಿದ್ದು ಶಬ್ದ. ಆ ನಂಬತಕ್ಕವನಿಗೆ ಆಪ್ತನೆಂದು ಹೆಸರು. ಸಂಗತಿಯನ್ನು ಇದ್ದಂತೆ ಅರಿತಿರುವುದು, ಅರಿತಂತೆ ಹೇಳುವ ಮನಸ್ಸಿರುವುದು, ಇವೆರಡೂ ಆಪ್ತನ ಲಕ್ಷಣ. ವಿಜ್ಞಾನವನ್ನು ಪತ್ರಿಕೆಗಳ ಮೂಲಕ, ಸಭೆ ಪ್ರದರ್ಶನಗಳ ಮೂಲಕ ಜನಕ್ಕೆ ಮುಟ್ಟಿಸಬೇಕೆಂಬ ಮಾತು ಬಂದಾಗಲೆಲ್ಲ ನನಗೆ ಈ ಹಳೆಯ ವಿಂಗಡಣೆ ನೆನಪಾಗುತ್ತದೆ. ಪತ್ರಿಕೆ ಕೊಡಬಲ್ಲದ್ದು ಬಹುಮಟ್ಟಿಗೆ ಶಬ್ದವನ್ನು. ಹಾಗಾದರೆ ಓದುಗನು ಅದನ್ನು ಏಕೆ ನಂಬಬೇಕು?

ಇದು ಕೇವಲ ಪಂಡಿತರ ವಿನೋದಕ್ಕೆ ಹುಟ್ಟಿದ ಪ್ರಶ್ನೆಯಲ್ಲ. 2019ರ ಡಿಸೆಂಬರ್ 26ರಂದು ಸೂರ್ಯಗ್ರಹಣವಾಯಿತು. ದಕ್ಷಿಣ ಕೊಡಗಿನಲ್ಲಿ ಅದು ಕಂಕಣಗ್ರಹಣ. ನಾಡಿನ ಬಹುಭಾಗದಲ್ಲಿ ಪಾರ್ಶ್ವಗ್ರಹಣ. ಬೆಂಗಳೂರಿನ ತಾರಾಲಯದಲ್ಲಿ ಜನ ಸೇರಿ ಅದನ್ನು ನೋಡಿ ಸಂತೋಷಪಟ್ಟರು. ಅದೇ ಬೆಳಗ್ಗೆ ಕಲಬುರಗಿಯ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ್ದರು. ಗ್ರಹಣಕಾಲದಲ್ಲಿ ಹಾಗೆ ಮಾಡಿದರೆ ವೈಕಲ್ಯ ಹೋಗುತ್ತದೆಂಬುದು ನಂಬಿಕೆ. ಸುದ್ದಿಯನ್ನು ಓದಿದ ನಗರದವರಲ್ಲಿ ಕೆಲವರು ಬೈದರು, ಕೆಲವರು ನಕ್ಕರು.

ನಾನು ಆ ತಾಯಿತಂದೆಗಳ ಕೆಲಸವನ್ನು ಸಮರ್ಥಿಸಲಾರೆ. ಅಳುವ ಮಗುವನ್ನು ಮಣ್ಣಿನಲ್ಲಿ ಹೂಳುವುದು ಹಿಂಸೆಯೇ. ಆದರೆ ಅವರನ್ನು ಅಲ್ಲಿಗೆ ಕರೆತಂದದ್ದು ಕ್ರೌರ್ಯವಲ್ಲ, ಆಸೆ. ಹಿರಿಯರೋ ನೆರೆಯವರೋ ಹೇಳಿದ ಮಾತನ್ನು ಅವರು ಆಪ್ತವಾಕ್ಯವೆಂದು ಕೈಗೊಂಡರು. ಹೇಳಿದವರು ಅವರ ಕಷ್ಟಸುಖಗಳಲ್ಲಿ ಕೂಡಿದವರು. ವಿಜ್ಞಾನದ ಮಾತಾದರೋ ದೂರದಿಂದ ಬಂದದ್ದು. ಎಷ್ಟೋ ವೇಳೆ ಹೀಯಾಳಿಕೆಯ ದನಿಯಲ್ಲಿ ಬಂದದ್ದು. ಹೀಗಿರುವಾಗ ಯಾವ ಮಾತು ನೆಲೆ ನಿಂತೀತು?

ಇಲ್ಲಿ ವಾಚಕರು ಒಂದು ಆಕ್ಷೇಪವನ್ನು ಎತ್ತಬಹುದು: 'ಅವರು ಕೇಳಿದ್ದನ್ನು ನಂಬಿದರು, ನಾವು ಪರೀಕ್ಷಿಸಿದ್ದನ್ನು ನಂಬುತ್ತೇವೆ. ಎರಡೂ ಒಂದೆಯೆ?' ಪ್ರಾಮಾಣಿಕವಾಗಿ ಯೋಚಿಸೋಣ. ಸೂರ್ಯನು ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿದ್ದಾನೆಂದು ಕನ್ನಡದ ಅಧ್ಯಾಪಕನಾದ ನಾನು ನಂಬಿದ್ದೇನೆ, ಅಳೆದು ನೋಡಿದವನಲ್ಲ. ನಮ್ಮಲ್ಲಿ ಹೆಚ್ಚಿನವರ ವಿಜ್ಞಾನವೂ ಹೀಗೆ ಕೇಳಿ ತಿಳಿದದ್ದೇ. ಆದಕಾರಣ ಭೇದವಿರುವುದು ನಂಬುವವರಿಗೂ ನಂಬದವರಿಗೂ ನಡುವೆ ಅಲ್ಲ. ಪರೀಕ್ಷೆಗೆ ದಾರಿಯನ್ನು ತೆರೆದಿಟ್ಟ ಮಾತಿಗೂ ಅದನ್ನು ಮುಚ್ಚಿದ ಮಾತಿಗೂ ನಡುವೆ. ಸೂರ್ಯನ ದೂರವನ್ನು ನಾನು ಅಳೆಯದಿದ್ದರೂ ಅಳೆದ ಬಗೆಯನ್ನು ವಿಚಾರಿಸಬಹುದು, ತಪ್ಪೆಂದು ತೋರಿದರೆ ವಾದಿಸಬಹುದು. 'ಕೇಳಬೇಡ, ಮಾಡು' ಎನ್ನುವ ಮಾತಿನಲ್ಲಿ ಆ ಅವಕಾಶವಿಲ್ಲ.

ಈ ಒರೆಗಲ್ಲಿಗೆ ನಮ್ಮ ವಿಜ್ಞಾನಪ್ರಚಾರವನ್ನೂ ಉಜ್ಜಿ ನೋಡಬೇಕು. 'ವಿಜ್ಞಾನಿಗಳು ದೃಢಪಡಿಸಿದ್ದಾರೆ' ಎಂದು ಬರೆದು, ಯಾರು, ಹೇಗೆ, ಎಷ್ಟು ಸಲ ಪರೀಕ್ಷಿಸಿದರೆಂದು ಹೇಳದ ಲೇಖನ ಓದುಗನಿಗೆ ಕೊಡುವುದು ವಿಜ್ಞಾನವನ್ನಲ್ಲ, ಇನ್ನೊಂದು ಮಂತ್ರವನ್ನು. ಒಂದು ಪುಟದಲ್ಲಿ ಗ್ರಹಣದ ಕಾರಣವನ್ನು ಚಿತ್ರಸಹಿತ ವಿವರಿಸಿ, ಮಗ್ಗುಲ ಪುಟದಲ್ಲಿ ಅದೇ ಗ್ರಹಣದಿಂದ ಯಾವ ರಾಶಿಗೆ ಕೇಡೆಂದು ಅಚ್ಚುಮಾಡುವ ಪತ್ರಿಕೆ ತನ್ನ ಆಪ್ತತ್ವವನ್ನು ತಾನೇ ಕಳೆದುಕೊಳ್ಳುತ್ತದೆ. ಎರಡರಲ್ಲಿ ಯಾವುದನ್ನು ಅದು ಅರಿತಂತೆ ಹೇಳಿತು?

ನಮ್ಮಲ್ಲಿ ಇದಕ್ಕಿಂತ ಒಳ್ಳೆಯ ಮಾದರಿಗಳಿಲ್ಲದೆ ಇಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು, ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ 1918ರಲ್ಲಿ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದರು. ಅದು ಬಾಳಿದ್ದು ಎರಡು ವರ್ಷದಷ್ಟು ಮಾತ್ರ. ಪಂಪಭಾರತವನ್ನು ಸಂಪಾದಿಸಿದ ಕೈಯೇ ಈ ಕೆಲಸವನ್ನೂ ಮಾಡಿತೆಂಬುದು ಗಮನಾರ್ಹ. ತನ್ನ ಭಾಷೆಯಲ್ಲಿ ಕೇಳಿದ್ದನ್ನು ಮಾತ್ರ ಮನುಷ್ಯನು ಎದುರು ಪ್ರಶ್ನೆ ಹಾಕುವಷ್ಟು ಸಲೀಸಾಗಿ ಕೇಳಬಲ್ಲ. ಎಚ್. ನರಸಿಂಹಯ್ಯನವರು 1962ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಅನ್ನು ಆರಂಭಿಸಿ, ವಾರವಾರವೂ ಸಾರ್ವಜನಿಕರಿಗೆ ವಿಜ್ಞಾನದ ಉಪನ್ಯಾಸಗಳನ್ನು ಏರ್ಪಡಿಸಿದರು. 1976ರಲ್ಲಿ, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ, ಪವಾಡಗಳ ಪರಿಶೀಲನೆಗೆ ಸಮಿತಿಯನ್ನು ರಚಿಸಿದರು. ಅವರ ನಿಲುವು ಎಲ್ಲರಿಗೂ ಹಿಡಿಸಲಿಲ್ಲ. ಆದರೆ ಪವಾಡವೂ ಪರೀಕ್ಷೆಗೆ ನಿಲ್ಲಬೇಕೆಂಬ ಅವರ ಅಪೇಕ್ಷೆ ನ್ಯಾಯವಾದದ್ದು.

ಪರೀಕ್ಷೆಗೆ ದೊಡ್ಡ ಪ್ರಯೋಗಶಾಲೆಯೇ ಬೇಕೆಂದೇನೂ ಇಲ್ಲ. ಪಾರ್ಶ್ವಗ್ರಹಣದ ವೇಳೆ ಹೊಂಗೆಯ ಮರದಡಿ ನಿಂತು ನೆಲವನ್ನು ನೋಡಿದರೆ ಸಾಕು: ಎಲೆಗಳ ಸಂದಿನಿಂದ ಬಿದ್ದ ಬಿಸಿಲ ಚುಕ್ಕೆಗಳು ಒಂದೊಂದೂ ಬಿದಿಗೆಯ ಚಂದ್ರನಂತೆ ಬಾಗಿರುತ್ತವೆ. ರಟ್ಟಿನಲ್ಲಿ ಸೂಜಿಯಿಂದ ತೂತು ಮಾಡಿ ಬಿಸಿಲಿಗೆ ಹಿಡಿದರೂ ಕೆಳಗೆ ಅದೇ ಆಕಾರ ಬೀಳುತ್ತದೆ. ಇದನ್ನು ಕಂಡ ಹಳ್ಳಿಯ ಹುಡುಗಿ 'ಏಕೆ ಹೀಗೆ?' ಎಂದು ಕೇಳಿದಾಗ ಪ್ರತ್ಯಕ್ಷದಿಂದ ಅನುಮಾನಕ್ಕೆ ಕಾಲಿಟ್ಟಳು. ಉತ್ತರಿಸುವವನು ಅವಳ ಮುಂದೆಯೇ ಇದ್ದಾನೆ. ಅವನ ಉತ್ತರ ಸಾಲದೆ ಹೋದರೆ ಮತ್ತೆ ಕೇಳಬಹುದು. ಸಭೆ ಪ್ರದರ್ಶನಗಳ ನಿಜವಾದ ಲಾಭ ಇದು.

'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬ ಗಾದೆಯನ್ನು ನಮ್ಮ ಜನ ಬಹು ಹಿಂದಿನಿಂದ ಆಡುತ್ತ ಬಂದಿದ್ದಾರೆ. ಪ್ರಶ್ನಿಸುವ ಬುದ್ಧಿಯನ್ನು ಅವರಿಗೆ ಹೊರಗಿನಿಂದ ದಾನಮಾಡಬೇಕಾಗಿಲ್ಲ. ಇತರರ ದುಡಿಮೆಯ ಫಲದಿಂದ ಓದಿಕೊಂಡವರು ನಾವು. ತಿಳಿದದ್ದನ್ನು ತಿಳಿದ ಬಗೆಯೊಡನೆ ಹೇಳುವುದು ನಾವು ತೀರಿಸಬೇಕಾದ ಸಾಲ. ಹೀಯಾಳಿಸಿದರೆ ಆ ಸಾಲ ತೀರುವುದಿಲ್ಲ. ಮುಂದಿನ ಗ್ರಹಣಕ್ಕೆ ಮೊದಲು ಯಾರಾದರೂ ಅಂಥ ಊರಿಗೆ ಹೋಗಿ, ಆ ತಾಯಿತಂದೆಗಳ ಜೊತೆ ಕುಳಿತು, ಮಗುವಿನ ಕಾಯಿಲೆಯ ಮಾತನ್ನು ಮೊದಲು ಕೇಳಿ, ಆಮೇಲೆ ಗ್ರಹಣದ ಮಾತಿಗೆ ಬರುವುದಾದರೆ, ಅವನ ಮಾತಿಗೂ ಆಪ್ತವಾಕ್ಯದ ಬೆಲೆ ಬಂದೀತು.