ಮರಳಿ ಬಂದವರ ಮೊದಲ ವರ್ಷ

1915ರ ಜನವರಿ 9ರಂದು ಮುಂಬಯಿಯಲ್ಲಿ ಹಡಗಿನಿಂದ ಇಳಿದಾಗ ಗಾಂಧೀಜಿಗೆ 45 ವರ್ಷ. ವಕೀಲಿ ಕೆಲಸಕ್ಕೆಂದು 1893ರಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋದವರು. ನಡುವೆ ಬಂದು ಹೋದದ್ದು ಬಿಟ್ಟರೆ ಹರೆಯವೆಲ್ಲ ಅಲ್ಲಿಯೇ ಕಳೆದಿತ್ತು. ಬಂದ ಮೂರನೆಯ ದಿನವೇ ನಗರದ ಗಣ್ಯರು ಪಾರ್ಸಿ ಸಿರಿವಂತರೊಬ್ಬರ ಬಂಗಲೆಯಲ್ಲಿ ಸನ್ಮಾನ ಇಟ್ಟುಕೊಂಡರು. ಕಾಠಿಯಾವಾಡದ ಅಂಗಿ, ಪೇಟ, ಧೋತರದಲ್ಲಿ ಹೋದ ಗಾಂಧಿಗೆ ಆ ಥಳಕಿನ ನಡುವೆ ತಾನು ಬರೀ ಹಳ್ಳಿಗಮಾರ ಅನ್ನಿಸಿತಂತೆ. ಆತ್ಮಕಥೆಯಲ್ಲಿ ಹಾಗೆ ಬರೆದುಕೊಂಡಿದ್ದಾರೆ. ಕರಾರಿನ ಕೂಲಿಗಳ ಜೊತೆ ಬಾಳಿದವರಿಗೆ ಸ್ವಂತ ನಾಡಿನ ದಿವಾನಖಾನೆಯೇ ಪರದೇಶವಾಗಿತ್ತು.

ಗಾಂಧಿ ಗುರುವೆಂದು ಕಂಡ ಹಿರಿಯ ನಾಯಕ ಗೋಖಲೆಯವರಿಗೆ ಇದರ ಸುಳಿವಿದ್ದಿರಬೇಕು. ಒಂದು ವರ್ಷ ದೇಶ ಸುತ್ತಿ, ಅಲ್ಲಿಯತನಕ ಸಾರ್ವಜನಿಕ ಪ್ರಶ್ನೆಗಳ ಬಗ್ಗೆ ಅಭಿಪ್ರಾಯ ಹೇಳಬೇಡಿ ಎಂದು ಮಾತು ತೆಗೆದುಕೊಂಡಿದ್ದರು. ಫೆಬ್ರವರಿ 19ಕ್ಕೆ ಗೋಖಲೆಯೇ ತೀರಿಕೊಂಡರು. ಅವರು ಕಟ್ಟಿದ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಯೂ ಗಾಂಧಿಯನ್ನು ಸೇರಿಸಿಕೊಳ್ಳಲು ಹಿಂದೆಮುಂದೆ ನೋಡಿತು. ಇವರ ದಾರಿ ಬೇರೆ ಎಂಬ ಅಳುಕು ಸದಸ್ಯರಿಗೆ. ಗಾಂಧಿ ತಾವೇ ಅರ್ಜಿ ಹಿಂದಕ್ಕೆ ಪಡೆದರು. ಆದರೆ ಮಾತು ಪಡೆದವರು ಇಲ್ಲವಾದರೂ ಕೊಟ್ಟ ಮಾತನ್ನು ಬಿಡಲಿಲ್ಲ. ಮೂರನೇ ದರ್ಜೆಯ ಬೋಗಿಯ ನೂಕುನುಗ್ಗಲು, ಹೊಲಸು, ಬೀಡಿ ಹೊಗೆಯ ನಡುವೆ ಕುಳಿತು ಶಾಂತಿನಿಕೇತನ, ಹರಿದ್ವಾರದ ಕುಂಭಮೇಳ, ಮದರಾಸು ಎಂದು ಸುತ್ತಿದರು.

ಮೇ 8ರಂದು ಬೆಂಗಳೂರಿಗೂ ಬಂದಿದ್ದರು, ಗೋಖಲೆಯವರ ಭಾವಚಿತ್ರ ಅನಾವರಣಕ್ಕೆ. ಸಾರೋಟಿನಲ್ಲಿ ಕೂರಿಸಿ ಎಳೆದೊಯ್ಯುವ ಉತ್ಸಾಹ ನಮ್ಮವರದು. ಅವರು ಒಪ್ಪಲಿಲ್ಲ. ಮುಂದಾಳುಗಳನ್ನು ಹೀಗೆ ಎಳೆದಾಡಿ ಕೆಡಿಸಬೇಡಿ, ಸುಮ್ಮನೆ ಕೆಲಸ ಮಾಡಲು ಬಿಡಿ ಎಂದು ಸಭೆಯಲ್ಲೇ ಹೇಳಿದರು. (ಈ ಬುದ್ಧಿಮಾತು ಬೆಂಗಳೂರಿಗೆ ಇನ್ನೂ ತಲುಪಿದಂತಿಲ್ಲ.)

ಈಗ ಹೊರದೇಶದಿಂದ ಮರಳುವವರಿಗೆ ಗೋಖಲೆಯಂಥ ಹಿರಿಯರಿಲ್ಲ. ವಿಮಾನ ನಿಲ್ದಾಣದಿಂದ ಮನೆ ಮುಟ್ಟುವಷ್ಟರಲ್ಲಿ ರಸ್ತೆ, ಕಸ, ಹಾರ್ನು ಎಲ್ಲದರ ಮೇಲೂ ತೀರ್ಪು ಸಿದ್ಧ. ತೀರ್ಪು ತಪ್ಪೆಂದಲ್ಲ. 1916ರ ಫೆಬ್ರವರಿ 6ರಂದು ಕಾಶಿಯಲ್ಲಿ, ಹಿಂದೂ ವಿಶ್ವವಿದ್ಯಾಲಯದ ಸಮಾರಂಭದಲ್ಲಿ, ಮೌನ ಮುಗಿಸಿದ ಗಾಂಧಿ ಆಡಿದ್ದೂ ವಿಶ್ವನಾಥನ ಗುಡಿಯ ಗಲ್ಲಿಯ ಕೊಳಕಿನ ಮಾತನ್ನೇ. ಮಹಾರಾಜರ ಒಡವೆಗಳನ್ನೂ ಬಿಡಲಿಲ್ಲ. ವೇದಿಕೆಯಲ್ಲಿದ್ದ ಅನಿ ಬೆಸೆಂಟ್ ನಡುವೆಯೇ ತಡೆದರು, ಭಾಷಣ ಅರ್ಧಕ್ಕೆ ನಿಂತಿತು. ಆದರೂ ದೇಶ ಕಿವಿಗೊಟ್ಟಿತು. ಆಡಿದವರು ಆ ಗಲ್ಲಿಗಳನ್ನು ಕಾಲಲ್ಲಿ ಸವೆಸಿದ್ದರು.

ಇಲ್ಲೇ ಉಳಿದ ನಮಗೂ ಒಂದು ಕೆಲಸವಿದೆ. ಎಷ್ಟೋ ವರ್ಷದ ಮೇಲೆ ಊರಿಗೆ ಬಂದವರು ಚಪ್ಪಲಿ ಬಿಡುವ ಮೊದಲೇ "ಮತ್ತೆ ಯಾವಾಗ ವಾಪಸ್?" ಎಂದು ಕೇಳುತ್ತೇವಲ್ಲ, ದಯವಿಟ್ಟು ಆ ಪ್ರಶ್ನೆಯನ್ನು ಒಂದು ವರ್ಷ ಮುಂದೂಡಿ.